ಹದಿನೇಳನೇ ಮಂಚದ ಬಳಗ

ಸಿರಿಗಡದ ನೆಲಕ್ಕೆ ಕಿವಿ ಬಂದದ್ದು ಯಾರ ಕೆಟ್ಟ ಉದ್ದೇಶದಿಂದಲೂ ಅಲ್ಲ. ಇಂಟರ್‌ನೆಟ್ಟಿಗೆಂದು ಊರಿನ ಪಾದಚಾರಿ ಹಾದಿಗಳ ಕೆಳಗೆ ಗಾಜಿನ ಎಳೆಯ ಕೇಬಲ್ ಹೂತು ಎಷ್ಟೋ ಕಾಲವಾಗಿತ್ತು. ಆ ಎಳೆಯೊಳಗೆ ಬಿಟ್ಟ ಬೆಳಕಿನ ಅತಿ ಸಣ್ಣ ಪಾಲು ಚೆದುರಿ ಹಿಂದಕ್ಕೆ ಬರುತ್ತದೆ. ಮೇಲಿನ ನೆಲ ಒಂದಿಷ್ಟು ಅದುರಿದರೂ ಹಾಗೆ ಮರಳಿದ ಬೆಳಕಿನಲ್ಲಿ ಅದರ ಗುರುತು ಇರುತ್ತದೆ. ಭೂಕಂಪ ಅಳೆಯುವವರೂ ಪೈಪು ಸೋರುವ ಜಾಗ ಹುಡುಕುವವರೂ ಇದನ್ನು ಮೊದಲಿನಿಂದ ಬಲ್ಲರು. ಹಾಗಾದರೆ ಹಾದಿಯ ಫರಸಿಕಲ್ಲಿನ ಮೇಲೆ ಮಲಗಿದ ಮನುಷ್ಯನ ಉಸಿರೂ ಸಿಗಬೇಕಲ್ಲ ಎಂದು ಒಂದು ಕಂಪನಿಗೆ ಹೊಳೆಯಿತು. ಪ್ರಯತ್ನಿಸಿದರು; ಸಿಕ್ಕಿತು.

ಯಂತ್ರಕ್ಕೆ ಸಿಗುತ್ತಿದ್ದದ್ದು ನಿದ್ದೆ ಮಾತ್ರ. ನಡೆಯುವವರು, ಕೂತು ಹರಟುವವರು, ಎಚ್ಚರವಿದ್ದು ಹೊರಳಾಡುವವರು ಅದಕ್ಕೆ ಬರೀ ಗದ್ದಲ. ನಿದ್ದೆ ಹತ್ತಿದ ದೇಹ ಬೇರೆ. ಉಸಿರು ಸಮನಾಗುತ್ತದೆ, ಎದೆಬಡಿತ ತಗ್ಗುತ್ತದೆ, ಎರಡೂ ಒಂದಕ್ಕೊಂದು ಹೊಂದಿಕೊಂಡು ನೆಲಕ್ಕಿಳಿಯುತ್ತವೆ. ಆ ಲಯ ಹಿಡಿದು ಯಂತ್ರ ನಾಯಿಯನ್ನು ಮನುಷ್ಯನಿಂದ, ಮಗುವನ್ನು ದೊಡ್ಡವರಿಂದ ಬೇರ್ಪಡಿಸುತ್ತಿತ್ತು.

ಪಾಲಿಕೆ ಇದಕ್ಕೊಂದು ಘನವಾದ ಉಪಯೋಗ ಕಂಡುಕೊಂಡಿತು. ಬೀದಿಯಲ್ಲಿ ಯಾರೂ ಮಲಗಬಾರದು. ಮಲಗಿದವರನ್ನು ಲಾಠಿಯಿಂದ ತಿವಿದು ಎಬ್ಬಿಸಲೂಬಾರದು; ಮರ್ಯಾದೆಯಿಂದ ಕರೆದೊಯ್ದು ಸೂರು ಕೊಡಬೇಕು. ಊರಾಚೆ, ಪಾಳುಬಿದ್ದ ಕಲ್ಲುಗಣಿಗಳ ಪಕ್ಕ, ‘ಆಸರೆ’ ಎಂಬ ಕಟ್ಟಡ ಎದ್ದಿತು. ಹಾಸಿಗೆ, ಫ್ಯಾನು, ಎರಡು ಹೊತ್ತು ಊಟ. ಕರೆದೊಯ್ಯಲು ನೀಲಿ ವ್ಯಾನು. ಆ ವರ್ಷ ಚಳಿಗಾಲದಲ್ಲಿ ಬಸ್‌ಸ್ಟ್ಯಾಂಡಿನ ಸುತ್ತ ಒಂದೂ ಹೆಣ ಸಿಗಲಿಲ್ಲ ಎಂದು ಪತ್ರಿಕೆಗಳು ಬರೆದವು. ಬರೆದದ್ದು ಸುಳ್ಳಲ್ಲ. ಬರೆಯದೆ ಬಿಟ್ಟದ್ದು ಒಂದಿತ್ತು: ಆಸರೆಯಿಂದ ಹೊರಗೆ ಬರಬೇಕಾದರೆ ನೆಲೆಸಂಖ್ಯೆ ತೋರಿಸಬೇಕು. ಅದು ವಾಸದ ಮನೆಗೆ ಪಾಲಿಕೆ ಕೊಡುವ ಸಂಖ್ಯೆ. ನೆಲೆ ಇಲ್ಲದವರನ್ನು ಬಿಟ್ಟರೆ ಅವರು ಮತ್ತೆ ಬೀದಿಯಲ್ಲೇ ಮಲಗುತ್ತಾರೆ ಎಂಬುದು ಪಾಲಿಕೆಯ ವಾದ, ತರ್ಕದಲ್ಲಿ ಲೋಪವಿರಲಿಲ್ಲ. ನೆಲೆ ಇಲ್ಲವೆಂದು ಒಳಗೆ ಹೋದವರು ನೆಲೆ ತೋರಿಸಿ ಹೊರಗೆ ಬರಬೇಕಿತ್ತು, ಅಷ್ಟೆ. ಅವರನ್ನು ನೋಡಲು ಹೋಗುವವರಿಗೂ ನೆಲೆಸಂಖ್ಯೆ ಬೇಕಿತ್ತು.

ಜಗದೇವಿ ಪಾಲಿಕೆಯ ಮೂರನೇ ಮಹಡಿಯ ಕಂಟ್ರೋಲ್ ರೂಮಿನಲ್ಲಿ ಗುತ್ತಿಗೆ ನೌಕರಳು. ಪರದೆಯ ಮೇಲೆ ಊರಿನ ನಕ್ಷೆ. ಎಲ್ಲಿಯಾದರೂ ನಿದ್ದೆ ಸಿಕ್ಕರೆ ಅಲ್ಲೊಂದು ನೀಲಿ ಚುಕ್ಕೆ ಮೂಡುತ್ತದೆ. ಪಕ್ಕದಲ್ಲಿ ದೊಡ್ಡವರೆಷ್ಟು, ಮಕ್ಕಳೆಷ್ಟು ಎಂಬ ಅಂಕಿ. ಹತ್ತು ನಿಮಿಷ ಬಿಡದೆ ನಿಂತ ಚುಕ್ಕೆಯ ಮೇಲೆ ಅವಳು ‘ಖಚಿತ’ ಎಂದು ಒತ್ತಬೇಕು, ವ್ಯಾನು ಹೊರಡುತ್ತದೆ. ಮೊದಮೊದಲು ತಮಾಷೆಯ ತಪ್ಪುಗಳಾದವು. ಪಾರ್ಕಿನಲ್ಲಿ ಶವಾಸನ ಹಾಕಿದ್ದ ನಿವೃತ್ತ ತಹಸೀಲ್ದಾರರನ್ನು ವ್ಯಾನು ಎತ್ತಿಕೊಂಡು ಹೋಯಿತು. ಮರುದಿನವೇ ಪಾರ್ಕಿಗೆ ಬೆಳಗಿನ ಎರಡು ತಾಸು ವಿನಾಯಿತಿ ಬಂತು. ಕೆಲಸ ಕೆಟ್ಟದೆಂದು ಜಗದೇವಿಗೆ ಅನ್ನಿಸಿರಲಿಲ್ಲ. ಚಳಿಯಲ್ಲಿ ನಡುಗುವ ಮುದುಕಿಗೆ ಹಾಸಿಗೆ ಸಿಕ್ಕರೆ ಯಾರಿಗೇನು ನಷ್ಟ ಎಂದು ಮನೆಯಲ್ಲಿ ಅತ್ತೆಗೆ ಹೇಳುತ್ತಿದ್ದಳು.

“ಹಾಸಿಗಿ ಕೊಟ್ಟು ಬಾಗಿಲ ಹಾಕ್ಕೊಂಡ್ರ ಅದಕ್ಕೇನಂತಾರ?” ಎಂದು ಅತ್ತೆ ಸುಗಲಾಬಾಯಿ ಕೇಳಿದ್ದಳು.

“ಜೈಲು ಅಲ್ಲ ಬಿಡು ಅತ್ತಿ.”

“ನಾ ಜೈಲು ಅಂದೆನೇನು? ನೀನೇ ಅಂದಿ.”

ಸುಗಲಾಬಾಯಿಯ ಮಗ, ಅಂದರೆ ಜಗದೇವಿಯ ಗಂಡ, ಮನೆ ಕಟ್ಟುವ ಗೌಂಡಿ ಕೆಲಸಕ್ಕೆಂದು ಪುಣೆಗೆ ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಸುಗಲಾಬಾಯಿ ಮಗನ ಕಡೆ ಹೋಗದೆ ಸೊಸೆಯ ಕಡೆ ಉಳಿದಳು. ಕಾರಣ ಕೇಳಿದವರಿಗೆ, “ಮಗ ಹೋದ, ಮೊಮ್ಮಗಳು ಇಲ್ಲೇ ಅದಾಳಲ್ಲ,” ಎನ್ನುತ್ತಿದ್ದಳು. ಮೊಮ್ಮಗಳು ರಾಜಿ, ಮೂರನೇ ತರಗತಿ.

ಅವರಿದ್ದ ಬಾಡಿಗೆ ಮನೆ ರಸ್ತೆ ಅಗಲೀಕರಣಕ್ಕೆ ಹೋಯಿತು. ಮಾಲೀಕನಿಗೆ ಪರಿಹಾರ ಬಂತು. ಬಾಡಿಗೆದಾರರಿಗೆ ಬಂದದ್ದು ಮೊಬೈಲಿಗೆ ಒಂದು ಸಂದೇಶ: ಕಟ್ಟಡ ಅಸ್ತಿತ್ವದಲ್ಲಿಲ್ಲದ ಕಾರಣ ನಿಮ್ಮ ನೆಲೆಸಂಖ್ಯೆ ರದ್ದಾಗಿದೆ. ಬೇರೆ ಮನೆ ಹಿಡಿಯೋಣವೆಂದರೆ ಮನೆಯವರು ಮೊದಲು ಕೇಳುವುದೇ ಹಳೆಯ ಸಂಖ್ಯೆ. ಸಂಖ್ಯೆ ತಪ್ಪಿದವರನ್ನು ಇಟ್ಟುಕೊಂಡು ನಾಳೆ ಅವರು ಬೀದಿಗೆ ಬಿದ್ದರೆ ಮನೆಯವರೇ ಜವಾಬ್ದಾರರು ಎಂಬ ನಿಯಮವಿತ್ತು. ಬಾಡಿಗೆ ಎಷ್ಟಾದರೂ ಕೊಡುತ್ತೇನೆಂದರೂ ಬಾಗಿಲು ತೆರೆಯಲಿಲ್ಲ. ಜಗದೇವಿಯ ತಮ್ಮನ ಮನೆಗೆ ಅದರ ಅಳತೆ ನೋಡಿ ಪಾಲಿಕೆ ಐದೇ ಹೆಸರು ಗೊತ್ತುಮಾಡಿತ್ತು, ಐದೂ ಆಗಲೇ ತುಂಬಿದ್ದವು. ಊರಿನ ಗಡಿ ದಾಟಿದರೆ ನೆಲಕ್ಕೆ ಕಿವಿಯಿರಲಿಲ್ಲ. ಅಲ್ಲಿ ಶಾಲೆಯೂ ಇರಲಿಲ್ಲ, ಕೆಲಸವೂ ಇರಲಿಲ್ಲ.

ಇಡೀ ನಕ್ಷೆ ಬಾಯಿಪಾಠವಾಗಿದ್ದ ಜಗದೇವಿಗೆ ಕಿವಿ ಇದ್ದೂ ಕೇಳದ ಜಾಗ ಒಂದೇ ಗೊತ್ತಿತ್ತು. ಅದು ದೊಡ್ಡಾಸ್ಪತ್ರೆಯ ಅಂಗಳ.

ಯೋಜನೆ ಶುರುವಾದ ವಾರದಲ್ಲಿ ಅಲ್ಲೊಂದು ಅನಾಹುತವಾಗಿತ್ತು. ರೋಗಿಗಳ ಕಡೆಯವರು ಆಸ್ಪತ್ರೆಯ ಅಂಗಳದಲ್ಲಿ, ಮಳೆಮರದ ಕೆಳಗೆ ಚಾಪೆ ಹಾಸಿ ದಿನಗಟ್ಟಲೆ ಇರುವುದು ಮೊದಲಿನಿಂದ ನಡೆದು ಬಂದದ್ದು. ಕಂಪನಿಯವರಿಗೆ ಇದು ಗೊತ್ತಿರಲಿಲ್ಲ. ನೀಲಿ ವ್ಯಾನು ಅಂಗಳವನ್ನೆಲ್ಲ ಗುಡಿಸಿಕೊಂಡು ಹೋಯಿತು. ಮರುದಿನ ವಾರ್ಡುಗಳು ನಿಂತೇ ಹೋದವು. ಸ್ಟ್ರೆಚರ್ ತಳ್ಳುವವರಿಲ್ಲ, ಗಂಜಿ ಕುಡಿಸುವವರಿಲ್ಲ, ರಕ್ತದ ಬಾಟಲಿಗೆ ಓಡುವವರಿಲ್ಲ. ಸರಕಾರಿ ಆಸ್ಪತ್ರೆಯ ಅರ್ಧ ಕೆಲಸವನ್ನು ರೋಗಿಯ ಕಡೆಯವರೇ ಮಾಡುತ್ತಾರೆಂಬುದು ಆಗ ಪಾಲಿಕೆಗೆ ತಿಳಿಯಿತು. ಒಂದು ಮಂಚಕ್ಕೆ ಇಬ್ಬರಂತೆ ಮಣಿಕಟ್ಟಿಗೆ ಸಂಕೇತ ಬೀರುವ ಹಳದಿ ಪಟ್ಟಿ ಕೊಟ್ಟರು. ಪಟ್ಟಿ ಕಟ್ಟಿದವರ ಉಸಿರನ್ನು ಯಂತ್ರ ಕೇಳಿಸಿಕೊಂಡರೂ ದಾಖಲಿಸದೆ ಅಳಿಸಿಹಾಕುತ್ತಿತ್ತು. ಜೊತೆಗಿದ್ದ ಮಗುವಿಗೂ ಅದೇ ರಕ್ಷೆ.

ಜಗದೇವಿ, ಸುಗಲಾಬಾಯಿ, ರಾಜಿ ಮೂವರೂ ಒಂದು ಸಂಜೆ ಟಿಫಿನ್ ಕ್ಯಾರಿಯರ್ರು, ಚಾಪೆ ಹಿಡಿದು ಗಂಡಸರ ವಾರ್ಡಿನ ಬಾಗಿಲಲ್ಲಿ ನಿಂತರು. ಯಾರನ್ನು ನೋಡಲು ಬಂದೆವೆಂದು ಅವರಿಗೇ ಗೊತ್ತಿರಲಿಲ್ಲ. ಎಸ್ತರ್ ಸಿಸ್ಟರ್ ಒಮ್ಮೆ ಅವರನ್ನು, ಒಮ್ಮೆ ಚಾಪೆಯನ್ನು ನೋಡಿದಳು. ಇಂಥವರು ಅವಳಿಗೆ ಹೊಸಬರಲ್ಲ.

“ಹದಿನೇಳಕ್ಕ ಯಾರೂ ಇಲ್ಲ,” ಎಂದಳು. “ಕಾಲಿನ ಗಾಯ, ಸಕ್ಕರಿ ಕಾಯಿಲೆ. ನೀರು ಕೊಡೋರಿಲ್ಲ, ಬಚ್ಚಲಿಗಿ ಕರ್ಕೊಂಡು ಹೋಗೋರಿಲ್ಲ. ನಿಮಗ ಏನಾಗಬೇಕವ?”

ಸುಗಲಾಬಾಯಿ ಮಂಚದ ಕಡೆ ಕತ್ತು ಚಾಚಿ ನೋಡಿದಳು. “ಅಣ್ಣ ಆಗಬೇಕ್ರಿ.”

“ಹೆಸರು?”

ಸುಗಲಾಬಾಯಿ ಬಾಯಿ ತೆರೆದಳು, ಮುಚ್ಚಿದಳು. ಮಂಚದ ಮೇಲಿದ್ದ ಮುದುಕ ಅಲ್ಲಿಂದಲೇ ಕೂಗಿದ: “ಹುಸೇನಪ್ಪ ಅನ್ನವಾ ತಂಗಿ! ಸಿಟ್ಟು ಬಂದ್ರ ಅಣ್ಣನ ಹೆಸರೂ ಮರೀತಿಯಾ?”

ಹುಸೇನಪ್ಪ ಕಲಾಯಿ ಹಾಕುವವನು. ಹಿತ್ತಾಳೆ ಪಾತ್ರೆಗಳು ಮನೆಗಳಿಂದ ಮಾಯವಾದ ಮೇಲೂ ಮದುವೆ ಅಡಿಗೆಯವರ ಹಂಡೆಗಳನ್ನು ನೆಚ್ಚಿ ಬದುಕಿದ್ದ. ಕೋಟೆ ಬಾಗಿಲ ಬಳಿ ಕೆಂಡ ಊದುವ ತಿದಿ; ಯಂತ್ರ ಬಂದ ಮೇಲೆ ನಿದ್ದೆ ಅಡಿಗೆಯವರ ಹಂಡೆಗಳ ಕೋಣೆಯಲ್ಲಿ, ಕದ್ದು. ಸಕ್ಕರೆ ಕಾಯಿಲೆಯಿಂದ ಪಾದದ ನರ ಸತ್ತು, ಕೆಂಡ ತುಳಿದದ್ದೂ ತಿಳಿಯದೆ ಗಾಯ ಕೊಳೆತು ಒಂದು ಮಧ್ಯಾಹ್ನ ಕುಸಿದಿದ್ದ. ಪ್ರಜ್ಞೆ ತಪ್ಪಿದವನ ಉಸಿರು ನಿದ್ದೆಯ ಉಸಿರಿನಂತೆ ಇರುವುದಿಲ್ಲ. ಆದ್ದರಿಂದ ಯಂತ್ರಕ್ಕೆ ಸಿಗಲಿಲ್ಲ. ದಾರಿಯಲ್ಲಿ ಹೋಗುವವರು ಆಸ್ಪತ್ರೆಗೆ ತಂದು ಹಾಕಿದರು.

ಮೂವರಿಗೆ ಅಂಗಳ ಮನೆಯಾಯಿತು. ಜಗದೇವಿ ಬೆಳಿಗ್ಗೆ ಆಸ್ಪತ್ರೆಯ ನಲ್ಲಿಯಲ್ಲಿ ಮುಖ ತೊಳೆದು, ಇಸ್ತ್ರಿ ಅಂಗಡಿಯಲ್ಲಿಟ್ಟ ಸೀರೆ ಉಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ಪಟ್ಟಿಯನ್ನು ಪಾಲಿಕೆಯ ಗೇಟಿನಲ್ಲಿ ಬಿಚ್ಚಿ ಬ್ಲೌಸಿನೊಳಗೆ ಇಟ್ಟುಕೊಳ್ಳುತ್ತಿದ್ದಳು. ರಾಜಿ ಶಾಲೆಯಿಂದ ನೇರ ವಾರ್ಡಿಗೆ ಬಂದು ಮುದುಕನ ಮಂಚದ ತುದಿಯಲ್ಲಿ ಕೂತು ಮಗ್ಗಿ ಹೇಳುತ್ತಿದ್ದಳು. ಸುಗಲಾಬಾಯಿ ಗಂಜಿ ಕುಡಿಸುತ್ತ ಹುಸೇನಪ್ಪನನ್ನು ಬೈಯುತ್ತಿದ್ದಳು, ಅವನು ತಿರುಗಿ ಅನ್ನುತ್ತಿದ್ದ.

“ಇದೇನು ಗಂಜಿ ಅದೋ ಗೋಡಿಗಿ ಹಚ್ಚೋ ಸುಣ್ಣ ಅದೋ?”

“ಕುಡೀ ಸುಮ್ನ. ಪಂಚತಾರಾ ಹೋಟೆಲಿನ್ಯಾಗ ಇದ್ದು ಬಂದವರಂಗ ಮಾತಾಡ್ತಾನ.”

“ಹೋಟೆಲಿನ ಹಂಡೇಕ ಕಲಾಯಿ ಹಾಕೀನವಾ. ಒಳಗ ಏನು ಬೇಯಿಸ್ತಾರ ಅಂತ ನನಗ ಗೊತ್ತು.”

ಕೇಳಿದವರಿಗೆ ಸ್ವಂತ ಅಣ್ಣ ತಂಗಿ ಎಂದೇ ಅನಿಸಬೇಕು. ಅಂಗಳದಲ್ಲಿ ಇಂಥ ಬಳಗ ಅವರೊಬ್ಬರದೇ ಆಗಿರಲಿಲ್ಲ. ಸಾಯುತ್ತಿರುವ ಅಪರಿಚಿತರಿಗೆ ಮಗನಾದವನಿದ್ದ, ಎರಡನೇ ಸಲ ವಿಧವೆಯಾಗಿ ಮೂರನೇ ಮಂಚ ಹುಡುಕುತ್ತಿದ್ದವಳಿದ್ದಳು.

ಕಂಪನಿಯ ಎಂಜಿನಿಯರು ನಚಿಕೇತ ಒಂದು ಸೋಮವಾರ ಜಗದೇವಿಯ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತ. ಸೌಮ್ಯ ಹುಡುಗ, ಎಲ್ಲರನ್ನೂ ಮೇಡಂ ಎನ್ನುವವನು.

“ಜಗದೇವಿ ಮೇಡಂ, ಆಸ್ಪತ್ರೆ ಅಂಗಳದಲ್ಲಿ ಏನೋ ಸರಿಯಿಲ್ಲ. ರೋಗಿಗಳು ಡಿಸ್ಚಾರ್ಜ್ ಆಗಿ ಹೋದರೂ ಅಲ್ಲಿ ಚಾಲ್ತಿಯಲ್ಲಿರೋ ಪಟ್ಟಿಗಳು ಕಡಿಮೆಯಾಗ್ತಿಲ್ಲ.”

“ಹೊಸ ರೋಗಿಗಳು ಬರ್ತಾರಲ್ರಿ ಸರ್.”

“ಬರ್ತಾರೆ. ಆದರೆ ಪಟ್ಟಿ ವಾಪಸು ಪಡೆಯೋದು ಅಲ್ಲಿನ ವಾಚ್‌ಮನ್. ಅವನು ಕೇಳ್ತಾನೋ ಇಲ್ಲವೋ. ಅದಕ್ಕೆ ಆಸ್ಪತ್ರೆಯ ಕಂಪ್ಯೂಟರಿಗೇ ಜೋಡಿಸಿಬಿಟ್ವಿ. ಡಾಕ್ಟರು ಡಿಸ್ಚಾರ್ಜ್ ಬರೆದ ಕ್ಷಣ ಆ ಮಂಚದ ಪಟ್ಟಿ ಸತ್ತುಹೋಗುತ್ತೆ.” ಅವನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ. “ಇನ್ನೊಂದು. ಒಂಟಿ ಮಗು ಸಿಕ್ಕರೆ ನೀವು ಖಚಿತ ಮಾಡೋ ತನಕ ಕಾಯೋದಿಲ್ಲ. ನೇರ ಮಕ್ಕಳ ವ್ಯಾನಿಗೆ ಹೋಗುತ್ತೆ. ಅಲ್ಲಿಂದ ರಾಜ್ಯದ ಬೇರೆ ಬೇರೆ ಊರಿನ ಮಕ್ಕಳ ಮನೆಗಳಿಗೆ.”

“ತಾಯಿ ಅಲ್ಲೇ ಇದ್ರ?”

“ತಾಯಿ ಅಂತ ಯಾರು ಬೇಕಾದ್ರೂ ಹೇಳಬಹುದಲ್ಲ ಮೇಡಂ. ಭಿಕ್ಷೆಗೆ ಮಕ್ಕಳನ್ನ ಬಾಡಿಗೆಗೆ ತರೋರು ಇದ್ದರು, ನೀವೇ ನೋಡಿದ್ದೀರಿ. ನೆಲೆಸಂಖ್ಯೆ ಇಲ್ಲದವರಿಗೆ ದಾಖಲೆ ಅಂದರೆ ನಿದ್ದೆ ಒಂದೇ. ಮಗುವಿನ ಜೊತೆ ಹತ್ತು ನಿಮಿಷ ಮಲಗಿದ್ದು ಯಂತ್ರಕ್ಕೆ ಸಿಕ್ಕಿದ್ದರೆ ಅವರು ಕುಟುಂಬ. ಆಗ ಹೆಂಗಸರನ್ನೂ ಮಗುವನ್ನೂ ಆಸರೆಯ ಹೆಣ್ಣುಮಕ್ಕಳ ಕಡೆ ಒಟ್ಟಿಗೇ ಇಡ್ತಾರೆ.” ಅವನು ಎದ್ದ. “ನಿಮ್ಮ ನೆಲೆಸಂಖ್ಯೆಯೂ ನವೀಕರಿಸಬೇಕಂತೆ. ನಿಮ್ಮ ಗುತ್ತಿಗೆ ಏಜೆನ್ಸಿಯವರು ಕೇಳ್ತಿದ್ದರು.”

“ಈ ವಾರ ಕೊಡ್ತೀನ್ರಿ.”

ಪಟ್ಟಿ ಕಟ್ಟಿಕೊಂಡು ಮಲಗಿದ ಒಂದು ದಿನವೂ ಯಂತ್ರದ ನೆನಪಿನಲ್ಲಿ ಇಲ್ಲ ಎಂಬುದು ಅವನು ಹೋದ ಮೇಲೆ ಜಗದೇವಿಗೆ ಹೊಳೆಯಿತು. ರಾಜಿ ಅವಳ ಮಗಳೆಂಬುದಕ್ಕೆ ಶಾಲೆಯಲ್ಲಿ, ಪಡಿತರದಲ್ಲಿ ಎಲ್ಲ ಕಡೆ ಇದ್ದ ದಾಖಲೆ ನೆಲೆಸಂಖ್ಯೆಯ ಜೊತೆಗೇ ರದ್ದಾಗಿತ್ತು. ಹುಸೇನಪ್ಪನ ಕಾಲು ಮಾಯುವವರೆಗೆ ಮಾತ್ರ ಮಗಳು ಅವಳವಳು.

ಕಾಲು ಮಾಯುತ್ತಿರಲಿಲ್ಲ. ಡಾಕ್ಟರರಿಗೇ ಆಶ್ಚರ್ಯ. ಮಾತ್ರೆಗಳ ಪ್ರಮಾಣ ಏರಿಸಿದರೂ ರಕ್ತದಲ್ಲಿ ಸಕ್ಕರೆ ಇಳಿಯುತ್ತಿಲ್ಲ. ಹೆಬ್ಬೆರಳು ಕಪ್ಪಾಗಿದೆ. “ಹೀಗೇ ಆದರೆ ಮೊಣಕಾಲಿನ ಕೆಳಗೆ ತೆಗೆಯಬೇಕಾಗ್ತದೆ,” ಎಂದು ಜಗದೇವಿಯನ್ನು ಪಕ್ಕಕ್ಕೆ ಕರೆದು ಹೇಳಿದರು. “ನೀವು ತಂಗಿಯ ಸೊಸೆ ಅಲ್ಲವೇ? ಒಪ್ಪಿಗೆಗೆ ಸಹಿ ಬೇಕು.”

ಆ ಮಧ್ಯಾಹ್ನ ಹಾಸಿಗೆ ಬದಲಿಸಲು ಮುದುಕನನ್ನು ಹೊರಳಿಸಿದಾಗ ದಿಂಬಿನ ಹೊಲಿಗೆ ಬಿಟ್ಟಲ್ಲಿಂದ ಮಾತ್ರೆಗಳು ಉದುರಿದವು. ಬಿಳಿಯವು, ಗುಲಾಬಿಯವು. ಕೆಲವು ಬಾಯಿಯಲ್ಲಿ ನೆನೆದು ಒಣಗಿದವು. ಜಗದೇವಿ ಅವನ್ನು ಅಂಗೈಯಲ್ಲಿ ಹಿಡಿದು ನಿಂತಳು.

“ಮಾವ, ಏನಿದು?”

ಹುಸೇನಪ್ಪ ಕಿಟಕಿ ಕಡೆ ಮುಖ ಮಾಡಿದ. “ಕಹಿ ಅದಾವವಾ.”

“ಕಾಲು ಕಡೀತಾರಂತ. ಗೊತ್ತದ ಇಲ್ಲ?”

“ಕಡದ್ರ ಎಷ್ಟು ದಿವಸ ಇಟ್ಕೋತಾರಂತ ಕೇಳೀಯೇನು? ಎಸ್ತರವ್ವನ್ನ ನಾ ಕೇಳೀನಿ. ಎರಡು ತಿಂಗಳು.” ಅವನು ಲೆಕ್ಕ ಒಪ್ಪಿಸುವವನಂತೆ ಹೇಳಿದ. “ಅಷ್ಟರಾಗ ನಿನಗ ಎಲ್ಯಾರೆ ಮನಿ ಸಿಗಬಹುದು. ಕಾಲು ನೆಟ್ಟಗಾದ್ರ ನಾಳೆ ನನ್ನ ಹೊರಗ ಹಾಕ್ತಾರ. ಕಾಲು ಇಟ್ಕೊಂಡು ನಾ ಎಲ್ಲಿಗಿ ನಡೀಲಿ? ಆಸರಿ ಒಳಗ ಆ ಗ್ವಾಡಿಯಿಂದ ಈ ಗ್ವಾಡಿಗಿ?”

ಸುಗಲಾಬಾಯಿ ಏನೂ ಆಶ್ಚರ್ಯಪಡಲಿಲ್ಲ. ಅದು ಜಗದೇವಿಗೆ ಮಾತ್ರೆಗಳಿಗಿಂತ ಹೆಚ್ಚು ಚುಚ್ಚಿತು. ಅತ್ತೆಯನ್ನು ವರಾಂಡಕ್ಕೆ ಕರೆದೊಯ್ದಳು.

“ನಿನಗ ಗೊತ್ತಿತ್ತು.”

“ಗೊತ್ತಿತ್ತು.”

“ಸುಮ್ನಿದ್ದಿ?”

“ನಾ ಹೇಳಿಕೊಟ್ಟಿಲ್ಲ. ಅವಂದು ಅವ ಮಾಡ್ಕೊಂಡ. ಕಂಡ ಮ್ಯಾಲ ಕಣ್ಣು ಮುಚ್ಚೀನಿ, ಹೌದು.” ಸುಗಲಾಬಾಯಿ ಸೊಸೆಯ ಎದುರಿಗೇ ಬಂದು ನಿಂತಳು. “ನಿನ್ನ ಮಗಳನ್ನ ಯಾವುದೋ ಊರಿಗಿ ಒಯ್ತಾರಂತ ನೀನೇ ಅಂದೆಲ್ಲ? ಒಂದು ಮುದೀ ಕಾಲು ಮ್ಯಾಲೋ, ಹುಡುಗಿ ಮ್ಯಾಲೋ? ನೀ ಹೇಳು, ನೀ ಓದಿದಾಕಿ.”

ಜಗದೇವಿ ಒಳಗೆ ನಡೆದಳು. ವಾರ್ಡಿಗೆ ಮರಳಿದಾಗ ರಾಜಿ ಮುದುಕನಿಗೆ ಎಂಟರ ಮಗ್ಗಿ ಒಪ್ಪಿಸುತ್ತಿದ್ದಳು. ಅವನು ತಪ್ಪು ಹಿಡಿದಂತೆ ನಟಿಸಿ ಅವಳನ್ನು ರೇಗಿಸುತ್ತಿದ್ದ. ಚಾದರದ ತುದಿಯಿಂದ ಕಟ್ಟು ಹಾಕಿದ ಪಾದ ಹೊರಬಿದ್ದಿತ್ತು. ನೊಣ ಕೂತರೂ ಅವನಿಗೆ ತಿಳಿಯುತ್ತಿರಲಿಲ್ಲ. ಜಗದೇವಿ ಆ ನೊಣ ಓಡಿಸಿದಳು. ಈ ಕಾಲಿನ ಮೇಲೆ ತಾನು ಮಲಗಿದ್ದೇನೆ ಎಂದು ಅವಳಿಗೆ ಅನ್ನಿಸಿತು, ಮತ್ತು ಅನ್ನಿಸಿದ ಮೇಲೆ ಅಂಗಳದಲ್ಲಿ ನಿದ್ದೆ ಹತ್ತಲಿಲ್ಲ.

ಅಂದಿನಿಂದ ಮಾತ್ರೆ ಅವಳೇ ಕೊಟ್ಟಳು. ಕೆಲಸಕ್ಕೆ ಹೋಗುವ ಮುನ್ನ, ಬಂದ ಮೇಲೆ. ನಡುವಿನದ್ದನ್ನು ಎಸ್ತರ್ ಸಿಸ್ಟರಿಗೆ ಒಪ್ಪಿಸಿದಳು. ನುಂಗಿದ ಮೇಲೆ ಬಾಯಿ ತೆರೆಸಿ ನಾಲಿಗೆ ಎತ್ತಿಸಿ ನೋಡುತ್ತಿದ್ದಳು.

“ದನದ ಹಲ್ಲು ನೋಡಿದಂಗ ನೋಡ್ತೀಯಲ್ಲವಾ,” ಎಂದು ಅವನು ಗೊಣಗಿದ. ಇನ್ನೊಮ್ಮೆ ಮೆಲ್ಲಗೆ ಕೇಳಿದ: “ಹುಡುಗೀ ಗತಿ?”

“ನೋಡ್ತೀನಿ. ನೀ ನುಂಗು.”

ಸುಗಲಾಬಾಯಿ ಸೊಸೆಯ ಜೊತೆ ಮಾತು ಬಿಟ್ಟಳು. ಆದರೆ ಗಂಜಿಗೆ ಸಿಹಿ ಸೇರದಂತೆ ಅವಳೇ ನೋಡಿಕೊಳ್ಳತೊಡಗಿದಳು.

ಸಕ್ಕರೆ ಇಳಿಯಿತು. ಗಾಯದ ಅಂಚಿನಲ್ಲಿ ಹೊಸ ಚರ್ಮ ಕೆಂಪಗೆ ಕಾಣಿಸಿತು. ಹೆಬ್ಬೆರಳ ತುದಿ ಹೋಯಿತು, ಕಾಲು ಉಳಿಯಿತು. ಜಗದೇವಿ ಈ ನಡುವೆ ಮನೆಗಾಗಿ ಅಲೆಯದ ಓಣಿಯಿಲ್ಲ. ಒಬ್ಬ ಮಾಲೀಕಳು ಒಪ್ಪಿದಂತೆ ಮಾಡಿ, ಸಂಖ್ಯೆ ಕೇಳಿ, ಬಾಗಿಲು ಹಾಕಿದಳು. ಏಜೆನ್ಸಿಗೆಂದು ಅವಳು ಹೇಳಿದ್ದ ‘ಈ ವಾರ’ ಕಳೆದು ತಿಂಗಳಾಗುತ್ತ ಬಂದಿತ್ತು.

ಡಿಸ್ಚಾರ್ಜ್ ಸೋಮವಾರ ಎಂದಿದ್ದರು. ಶನಿವಾರ ಒಂದು ಬಸ್ ಉರುಳಿ ಗಾಯಾಳುಗಳು ಬಂದರು; ಮಂಚ ಬೇಕಾಯಿತು. ನಡೆಯಬಲ್ಲವರನ್ನೆಲ್ಲ ಅಂದೇ ಬಿಟ್ಟರು. ವಿಳಾಸವಿಲ್ಲದ ಹುಸೇನಪ್ಪನಿಗೆ ವಾರ್ಡಿನ ಬಾಗಿಲಿಗೇ ನೀಲಿ ವ್ಯಾನು ಬಂತು. ಸುಗಲಾಬಾಯಿ ಕೆಲಸದಲ್ಲಿದ್ದ ಸೊಸೆಗೆ ಫೋನು ಮಾಡಿದಳು. ಇಷ್ಟು ದಿನದ ಮೇಲೆ ಅವಳಾಗಿ ಆಡಿದ ಮೊದಲ ಮಾತು.

“ಹೋದ. ತನ್ನ ಕಾಲಿಂದ ನಡಕೊಂಡೇ ಹತ್ತಿದ. ತಿರುಗಿ ನೋಡಿ ಕೈ ಮಾಡಿದ.” ಆಮೇಲೆ, “ಹುಡುಗೀಗಿ ಜ್ವರ ಬಂದಾವ. ಎಸ್ತರವ್ವ ಔಷಧ ಕುಡಿಸ್ಯಾಳ,” ಎಂದಳು.

“ಅತ್ತಿ, ಪಟ್ಟಿ ಸತ್ತಾವ. ನಾ ಬರೋ ತನಕ ಇಬ್ಬರೂ ಮಲಗಬ್ಯಾಡ್ರಿ. ಕೂತೇ ಇರ್ರಿ. ಕೂತ್ರ ಏನೂ ಆಗಂಗಿಲ್ಲ.”

“ಕೂಡ್ತೀನಿ.”

ಏಪ್ರಿಲ್ ತಿಂಗಳ ಮಧ್ಯಾಹ್ನ. ಬೆಳಿಗ್ಗೆಯಿಂದ ವಾರ್ಡಿಗೂ ಅಂಗಳಕ್ಕೂ ಓಡಾಡಿದ ಮುದುಕಿ ಮಳೆಮರದ ನೆರಳಿನಲ್ಲಿ, ಜ್ವರದ ಮಗುವನ್ನು ಮಗ್ಗುಲಿಗೆ ಹಾಕಿಕೊಂಡು ಕೂತಳು. ಕೂತವಳು ಒರಗಿದಳು.

ಜಗದೇವಿಯ ಪರದೆಯ ಮೇಲೆ ಆಸ್ಪತ್ರೆಯ ಅಂಗಳದಲ್ಲಿ ನೀಲಿ ಚುಕ್ಕೆ ಮೂಡಿತು. *ವಯಸ್ಕರು ಒಂದು, ಮಗು ಒಂದು. ಪಟ್ಟಿ ಇಲ್ಲ.* ಪಕ್ಕ ನಿಮಿಷದ ಅಂಕಿ: ಆರು.

ಯಾರೆಂದು ಕ್ಯಾಮರಾ ನೋಡಬೇಕಾಗಿರಲಿಲ್ಲ. ಫೋನು ಒತ್ತಿದಳು. ಏಳು ಆಯಿತು. ಎಂಟಾಗುವ ಹೊತ್ತಿಗೆ ಅತ್ತೆ ಎತ್ತಿದಳು.

“ಏಳು ಅತ್ತಿ! ಎದ್ದು ಕೂಡು! ಯಂತ್ರಕ್ಕ ಸಿಕ್ಕೀರಿ!”

“ಅಯ್ಯ ಶಿವನೇ, ಕಣ್ಣು ಹತ್ತಿಬಿಟ್ಟಾವ...” ಬಟ್ಟೆಯ ಸರಬರ, ಎದ್ದು ಕೂರುವ ನರಳಿಕೆ.

“ರಾಜೀನ ಎಬ್ಬಿಸು.”

“ರಾಜೀ... ಏ ರಾಜೀ... ಏಳವಲ್ಲಳು ಜಗದೇವಿ. ಔಷಧ ಕುಡದು ಮಲಗ್ಯಾಳ. ಮೈ ಹಂಚಿನಂಗ ಕಾದದ.”

“ಎತ್ಕೊಂಡು ನಡೀ.”

“ಎತ್ತಲಿಕ್ಕೇ ಬರವಲ್ದು...”

ಪರದೆಯ ಮೇಲೆ ನೀಲಿ ಹೋಗಿ ಚುಕ್ಕೆ ಕೆಂಪಾಯಿತು. *ಮಗು ಒಂದು. ಒಂಟಿ.* ‘ಖಚಿತ’ ಎಂಬ ಗುಂಡಿ ಕಾಣಲೇ ಇಲ್ಲ. ಅದರ ಜಾಗದಲ್ಲಿ ಮಕ್ಕಳ ವ್ಯಾನು ಹೊರಟ ಸೂಚನೆ ಬಂತು. ನಕ್ಷೆಯ ಮೇಲೆ ಆ ವ್ಯಾನಿನ ಗುರುತಾದ ಚೌಕ ರೈಲು ನಿಲ್ದಾಣದ ಕಡೆಯಿಂದ ಸರಿಯತೊಡಗಿತು.

ಎಚ್ಚರವಾದ ಅಜ್ಜಿ ಯಂತ್ರದ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಇನ್ನೆರಡು ನಿಮಿಷ ಬಿಟ್ಟಿದ್ದರೆ ಅವರಿಬ್ಬರೂ ಕುಟುಂಬವಾಗಿರುತ್ತಿದ್ದರು. ಎಬ್ಬಿಸಿ ಮಗುವನ್ನು ಒಂಟಿ ಮಾಡಿದವಳು ತಾನೇ.

“ಅತ್ತಿ.” ಜಗದೇವಿ ಧ್ವನಿ ತಗ್ಗಿಸಿದಳು. ಪಕ್ಕದ ಮೇಜಿನವನು ಚಹಾ ಕುಡಿಯುತ್ತಿದ್ದ. “ಅತ್ತಿ, ಮತ್ತ ಮಲ್ಕೋ.”

“ಏನು?”

“ಅವಳ ಮಗ್ಗಲಿಗಿ ಮಲ್ಕೋ. ನಿದ್ದಿ ಮಾಡು. ಹತ್ತು ನಿಮಿಷ ನಿದ್ದಿ ಮಾಡಬೇಕು. ಇಲ್ಲಾಂದ್ರ ಅವಳೊಬ್ಬಳನ್ನೇ ಒಯ್ತಾರ.”

“ಈಗ ಏಳು ಅಂದಿ!”

“ತಪ್ಪಿದೆ. ಮಲ್ಕೋ.”

“ಮಕ್ಕಳ ಕಳ್ಳರು ಬರ್ಲಿಕತ್ತಾರ ಅಂತಿ, ನಿದ್ದಿ ಮಾಡು ಅಂತಿ. ನಿದ್ದಿ ಹೆಂಗ ಬರ್ತದವ?” ಸುಗಲಾಬಾಯಿ ಅಳುತ್ತಿದ್ದಳು. “ಎದಿ ಹೊಡ್ಕೋಲಿಕತ್ತದ.”

“ಬರಬ್ಯಾಡ ಬಿಡು. ನಾ ಹೇಳಿದಂಗ ಉಸಿರು ಬಿಡು. ಫೋನು ಕಿವಿ ಹತ್ತರ ಇಟ್ಕೋ. ಬಲ ಮಗ್ಗಲಾಗು. ಒಳಗ ತಗೋ... ಮೆಲ್ಲಕ... ಈಗ ಬಿಡು. ತಗೊಂಡಿದ್ದಕ್ಕಿಂತ ಉದ್ದ ಬಿಡು. ತಡಿ. ಮತ್ತ ತಗೋ.”

ನಿದ್ದೆಯ ಲಯ ಹೇಗಿರುತ್ತದೆಂದು ಪರದೆಯ ಗೆರೆಗಳಲ್ಲಿ ವರ್ಷಗಟ್ಟಲೆ ನೋಡಿದವಳು ಅವಳು. ಬಿಡುವ ಉಸಿರು ನೀಳವಾದರೆ ಎದೆಬಡಿತ ತಾನಾಗಿ ತಗ್ಗುತ್ತದೆ. ಎರಡೂ ಹೊಂದಿಕೊಂಡರೆ ಯಂತ್ರ ಅದನ್ನು ನಿದ್ದೆಯೆಂದೇ ನಂಬುತ್ತದೆ. ತಪ್ಪಿಸಿಕೊಳ್ಳಲು ಈ ವಿದ್ಯೆ ಯಾವತ್ತೂ ಕೆಲಸಕ್ಕೆ ಬರುವಂಥದ್ದಲ್ಲ. ಸಿಕ್ಕಿಬೀಳಲು ಬಂತು.

“ಒಳಗ... ಬಿಡು... ತಡಿ. ಏನೂ ವಿಚಾರ ಮಾಡಬ್ಯಾಡ. ಒಳಗ...”

ಚೌಕ ಮಾರ್ಕೆಟ್ಟಿನ ಸಿಗ್ನಲಿನಲ್ಲಿ ನಿಂತಿತು. ಶನಿವಾರದ ಸಂತೆ, ದಾರಿ ಬಿಡುತ್ತಿಲ್ಲ. ಕೆಂಪು ಚುಕ್ಕೆ ಮಿಣುಕಿತು, ನೀಲಿಯಾಯಿತು. *ವಯಸ್ಕರು ಒಂದು, ಮಗು ಒಂದು.* ನಿಮಿಷದ ಅಂಕಿ ಒಂದರಿಂದ ಮತ್ತೆ ಶುರು. ಫೋನಿನಲ್ಲಿ ಬಿಕ್ಕು ಬಂದಾಗ ಚುಕ್ಕೆ ನಡುಗಿತು. “ತಡಿ, ತಡಿ. ಬಿಡು,” ಎಂದಳು ಜಗದೇವಿ. ಸಿಗ್ನಲು ದಾಟಿ ಚೌಕ ಆಸ್ಪತ್ರೆಯ ರಸ್ತೆಗೆ ಹೊರಳಿತು. ಏಳು. ಎಂಟು. ಅತ್ತೆಯ ಕಡೆಯಿಂದ ಈಗ ಬಿಕ್ಕಿನ ಸದ್ದಿರಲಿಲ್ಲ. ಒಂಬತ್ತು. ಚೌಕ ಆಸ್ಪತ್ರೆಯ ಗೇಟಿಗೆ ತಾಗಿತು.

ಹತ್ತು. *ಕುಟುಂಬ.* ಚೌಕ ನಿಂತು, ಮಾಯವಾಯಿತು. ಗುಂಡಿ ಮೂಡಿತು: *ಆಸರೆಗೆ ಕಳುಹಿಸಲು ಖಚಿತಪಡಿಸಿ.*

“ಅತ್ತಿ?”

ಫೋನಿನಲ್ಲಿ ಸಣ್ಣ ಗೊರಕೆ ಕೇಳಿಸಿತು. ಮುದುಕಿಗೆ ನಿಜವಾಗಿಯೇ ನಿದ್ದೆ ಹತ್ತಿತ್ತು.

ನಚಿಕೇತ ಹಿಂದಿನಿಂದ ಹಾದುಹೋಗುತ್ತ ಬಾಗಿ ನೋಡಿದ. “ಕೆಂಪು ಬಂದು ನೀಲಿಯಾಯ್ತಾ? ಅಪರೂಪ. ಖಚಿತ ಮಾಡಿಬಿಡಿ ಮೇಡಂ, ಬಿಸಿಲಲ್ಲಿ ಮಗು ಇದೆ.”

“ನೆರಳಿನ್ಯಾಗ ಅದಾಳ್ರಿ ಸರ್,” ಎಂದಳು ಜಗದೇವಿ. ಗುಂಡಿ ಒತ್ತಿದಳು.

ಅವನು ತನ್ನ ಕೋಣೆಗೆ ಹೋದ. ಅವಳು ಕುರ್ಚಿಯನ್ನು ಒಳಗೆ ತಳ್ಳಿ, ಬ್ಯಾಗು ಮೇಜಿನ ಮೇಲೇ ಬಿಟ್ಟು ಮೆಟ್ಟಿಲು ಇಳಿದಳು. ಆಸರೆಗೆ ನೋಡಲು ಹೋದರೆ ಬಾಗಿಲಲ್ಲಿ ಸಂಖ್ಯೆ ಕೇಳುತ್ತಾರೆ. ಸಂಖ್ಯೆ ಇಲ್ಲದವರಿಗೆ ಒಳಗೆ ಹೋಗಲು ದಾರಿ ಒಂದೇ ಇತ್ತು. ಅದು ಅವಳು ದಿನಾ ತೆರೆಯುತ್ತಿದ್ದ ಬಾಗಿಲು.

ಪಾಲಿಕೆಯ ಎದುರಿನ ಫರಸಿ ಬಿಸಿಲಿಗೆ ಕಾದಿತ್ತು. ಜನ ಓಡಾಡುತ್ತಿದ್ದರು. ಕಾಂಪೌಂಡಿನ ಗೋಡೆಯ ಕಿರಿದಾದ ನೆರಳಿನಲ್ಲಿ ಜಗದೇವಿ ಸೆರಗು ಹಾಸಿ ಬಲ ಮಗ್ಗುಲಿಗೆ ಮಲಗಿದಳು. ದಾಟಿ ಹೋಗುತ್ತಿದ್ದವನೊಬ್ಬ, “ಅಕ್ಕಾ, ಇಲ್ಲಿ ಮಲಗಬ್ಯಾಡ್ರಿ, ಹಿಡಕೊಂಡು ಹೋಗ್ತಾರ,” ಎಂದ. ಅವಳು ಕಣ್ಣು ಮುಚ್ಚಿಕೊಂಡು ಉಸಿರು ಎಳೆದುಕೊಂಡಳು, ಎಳೆದುಕೊಂಡದ್ದಕ್ಕಿಂತ ಉದ್ದವಾಗಿ ಬಿಟ್ಟಳು.